ಲಾಳ ಬಿಚ್ಚಿದೆ, ಬೆನ್ನು ಸರಿಹೋಯಿತು: ರೇಸ್ ಬಿಟ್ಟ ಕುದುರೆಯ ಜೊತೆ ನನ್ನ ಅನುಭವ

ರೇಸ್ ಬಿಟ್ಟ ಥರೋಬ್ರೆಡ್ ತಳಿಯ ಕುದುರೆಗೆ ಲಾಳ ಬಿಚ್ಚಿದರೆ ಮೂರು ತಿಂಗಳಲ್ಲಿ ಕುದುರೆ ಮೂಲೆ ಸೇರುತ್ತದೆ ಅಂತ ನನಗೆ ಹೇಳದವರೇ ಇಲ್ಲ. ಲಾಳದವರು ಹೇಳಿದರು, ರೈಡಿಂಗ್ ಸ್ಕೂಲ್ ನಡೆಸುವ ಗೆಳೆಯರು ಹೇಳಿದರು, ಒಬ್ಬ ಡಾಕ್ಟರೂ ಹೇಳಿದರು. ಅಂಥದ್ದೇ ಕುದುರೆ ನಮ್ಮ ಚಂದ್ರಿ. ಈಗ ಅವಳು ದೊಡ್ಡಬಳ್ಳಾಪುರದ ಆಚೆ ಜಲ್ಲಿ ರಸ್ತೆಯಲ್ಲಿ ಬರಿಗಾಲಲ್ಲೇ ಇಪ್ಪತ್ತು ಕಿಲೋಮೀಟರ್ ಹೋಗಿ ಬರುತ್ತಾಳೆ. ಅರ್ಧಕ್ಕಿಂತ ಜಾಸ್ತಿ ದೂರ ಟ್ರಾಟ್ ಓಟದಲ್ಲೇ. ಮಾರನೇ ದಿನ ಬೆನ್ನು ಒತ್ತಿ ನೋಡಿದರೂ ಮಿಸುಕುವುದಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಕಾಲು ಎತ್ತಿ ಮೊಣಕಾಲ ನಡುವೆ ಹಿಡಿಯಲು, ರಾಸ್ಪ್ (ಗೊರಸು ಉಜ್ಜುವ ಅರ) ಓಡಿಸಲು ಬರುವವರಿಗೆ ಇದು. ಹೊಸಬರು ಮೊದಲು ಯಾರ ಹತ್ತಿರವಾದರೂ ಕಲಿತು ಬನ್ನಿ.

ಚಂದ್ರಿ ಬಂದಾಗ ಏಳು ವರ್ಷದವಳು, ಹದಿನಾರು ಹ್ಯಾಂಡ್ (ಐದು ಅಡಿ ನಾಲ್ಕು ಇಂಚು) ಎತ್ತರ. ನಲವತ್ತು ಸಾವಿರದ ಹತ್ತಿರ ಕೊಟ್ಟ ನೆನಪು. ರೇಸ್‌ನಿಂದ ಬಂದ ಕುದುರೆಗಳ ಗೊರಸು ನೀವೆಲ್ಲ ನೋಡಿರುತ್ತೀರಿ. ಮೂರ್ನಾಲ್ಕು ವಾರಕ್ಕೊಮ್ಮೆ ಅಲ್ಯೂಮಿನಿಯಂ ಪ್ಲೇಟ್ (ಹಗುರ ಲಾಳ) ಬದಲಾಯಿಸಿ, ಮೊಳೆ ತೂತುಗಳಿಂದ ಗೊರಸಿನ ಹೊರಗೋಡೆ ಪುಡಿಪುಡಿ. ಟೋ (ಗೊರಸಿನ ಮುಂತುದಿ) ಉದ್ದ, ಹಿಮ್ಮಡಿ ಮುಂದಕ್ಕೆ ಮಲಗಿ, ಹಿಂಭಾಗ ತುಳಿದು ಹಾಕಿದ ಚಪ್ಪಲಿಯ ಹಾಗಾಗಿತ್ತು. ನಡೆದರೆ ಟೋ ಮೊದಲು ನೆಲ ಮುಟ್ಟುತ್ತಿತ್ತು. ಕುಂಟು ಅಂತ ಹೇಳುವ ಹಾಗೆ ಇರಲಿಲ್ಲ. ಆದರೆ ಬಲಕ್ಕೆ ಕ್ಯಾಂಟರ್ ಓಟ ಹಿಡಿಯುತ್ತಿರಲಿಲ್ಲ, ಜೀನು ಎತ್ತಿದರೆ ಕಿವಿ ಹಿಂದಕ್ಕೆ ಹೋಗುತ್ತಿತ್ತು, ಸೊಂಟದ ಹತ್ತಿರ ಬೆರಳು ಒತ್ತಿದರೆ ಬೆನ್ನು ಕೆಳಕ್ಕೆ ಕುಸಿಯುತ್ತಿತ್ತು.

ಮೊದಲ ಒಂದು ವರ್ಷ ಎಲ್ಲರೂ ಮಾಡುವುದನ್ನೇ ಮಾಡಿಸಿದೆ. ಹಿಮ್ಮಡಿ ಎತ್ತರಿಸಲು ವೆಜ್ ಪ್ಯಾಡ್ ಹಾಕಿಸಿದೆವು. ಎರಡು ವಾರ ಚೆನ್ನಾಗಿ ಕಂಡಿತು. ಆಮೇಲೆ ಪ್ಯಾಡ್ ತೆಗೆದು ನೋಡಿದರೆ ಹಿಮ್ಮಡಿ ಇನ್ನೂ ಜಜ್ಜಿಹೋಗಿತ್ತು. ಎತ್ತರಿಸಿದ ಕಡೆಗೇ ಭಾರ ಬೀಳುತ್ತದೆ, ಅಲ್ವಾ? ಹಿಂಭಾಗವೂ ಮುಚ್ಚಿದ, ಮೊಟ್ಟೆಯಾಕಾರದ ಎಗ್-ಬಾರ್ ಲಾಳ ಹಾಕಿಸಿದೆವು. ಅದು ಕೆಸರಿನಲ್ಲಿ ಕಿತ್ತುಕೊಂಡು ಬಂತು, ಜೊತೆಗೆ ಅರ್ಧ ಗೋಡೆಯನ್ನೂ ತಂದಿತು. ಬ್ಯೂಟ್ ಎಂಬ ನೋವಿನ ಔಷಧಿ ಕೊಟ್ಟಷ್ಟು ದಿನ ಆರಾಮ, ನಿಲ್ಲಿಸಿದರೆ ಮತ್ತೆ ಅದೇ ಕಥೆ. ಬೆನ್ನಿಗೆ ಮಸಾಜ್ ಮಾಡುವವರನ್ನು ಕರೆಸಿದೆ. ಹೊಸ ಜೀನು ತಗೊಂಡೆ, ಮೂವತ್ತೈದು ಸಾವಿರ. ಒಟ್ಟು ಲಕ್ಷ ದಾಟಿತು. ಕಾಲಿಗೊಬ್ಬರು, ಬೆನ್ನಿಗೊಬ್ಬರು, ಜೀನಿಗೊಬ್ಬರು. ಇಡೀ ಕುದುರೆಯನ್ನು ಒಟ್ಟಿಗೆ ನೋಡಿದವರು ಯಾರೂ ಇಲ್ಲ.

ಎಕ್ಸ್‌ರೇ ತೆಗೆಸಿದ ದಿನ ನನಗೆ ದಾರಿ ಕಂಡಿತು. ಎಲ್ಲರೂ ಮುಂಗಾಲನ್ನೇ ನೋಡುತ್ತಿದ್ದರು. ಹಿಂಗಾಲಿನದೂ ತೆಗೆಯಿರಿ ಅಂತ ನಾನೇ ಹಟ ಹಿಡಿದೆ. ಗೊರಸಿನೊಳಗಿನ ಮೂಳೆ ಹಿಂದೆ ಸ್ವಲ್ಪ ಎತ್ತರ, ಮುಂದೆ ತಗ್ಗು ಇರಬೇಕು. ಚಂದ್ರಿಯ ಹಿಂಗಾಲುಗಳಲ್ಲಿ ಅದು ತಿರುಗುಮುರುಗು, ಹಿಂಭಾಗವೇ ತಗ್ಗು. ಹಾಗಿರುವ ಕುದುರೆ ಹಿಂಗಾಲನ್ನು ಹೊಟ್ಟೆಯ ಕೆಳಗೆ ತಂದು ನಿಲ್ಲುತ್ತದೆ. ಆಗ ಹಾಕ್, ಸ್ಟೈಫಲ್ ಎಂಬ ಹಿಂಗಾಲಿನ ಕೀಲುಗಳು, ಪೃಷ್ಠದ ಸ್ನಾಯು, ಸೊಂಟ ಎಲ್ಲವೂ ಹಗಲು ರಾತ್ರಿ ಬಿಗಿ. ಇಂಥ ಬೆನ್ನಿಗೆ ಮಸಾಜ್ ಮಾಡಿ ಏನು ಪ್ರಯೋಜನ? ಮುಂಗಾಲಿನ ಅಂಗಾಲಿನ ದಪ್ಪ ಒಂಬತ್ತು ಮಿಲಿಮೀಟರ್ ಇತ್ತು. ಹದಿನೈದರ ಮೇಲಿರಬೇಕು.

ಲಾಳ ಬಿಚ್ಚಿದ್ದು ಡಿಸೆಂಬರ್‌ನಲ್ಲಿ. ಇದು ಮುಖ್ಯ. ಮಳೆಗಾಲದಲ್ಲಿ ಬಿಚ್ಚಬೇಡಿ. ಒದ್ದೆ ಗೊರಸು ಮೆತ್ತಗಿರುತ್ತದೆ, ಜಲ್ಲಿ ಚುಚ್ಚುತ್ತದೆ. ಲಾಳ ಬಿಚ್ಚಿದ ಹಿರಿಯರು ಕಾಲು ಕೆಳಗಿಡುತ್ತಾ, “ಸಾರ್, ಇದು ರೇಸ್ ಕುದುರೆ, ಹಳ್ಳಿ ತಟ್ಟು ಅಲ್ಲ. ಸಂಕ್ರಾಂತಿಗೆ ನೀವೇ ನನ್ನ ಕರೀತೀರಾ” ಅಂದರು. ಸಂಕ್ರಾಂತಿಗೆ ಕರೆಯಲಿಲ್ಲ. ಆದರೆ ಜನವರಿಯಲ್ಲಿ ಎಡ ಮುಂಗಾಲಿನಲ್ಲಿ ಕೀವು ತುಂಬಿ ಮೂರು ಕಾಲಲ್ಲಿ ನಿಂತಳು. ಎಪ್ಸಂ ಉಪ್ಪು ಮತ್ತು ಬೂಸಾ ಕಲಸಿ ಬಿಸಿಯಾಗಿ ಕಟ್ಟಿ, ಹಳೇ ಡೈಪರ್ ಮೇಲೆ ಟೇಪ್ ಸುತ್ತಿದೆ. ಟಿಟಿ ಚುಚ್ಚಿಸಿದೆ. ನಾಲ್ಕೈದು ದಿನಕ್ಕೆ ಹಿಮ್ಮಡಿಯ ಮೇಲ್ಗಡೆ ಒಡೆದು ಹರಿಯಿತು. ಮಾರ್ಚ್‌ನಲ್ಲಿ ಇನ್ನೊಂದು. ಮೊಳೆ ತೂತು ಇದ್ದ, ಗೋಡೆ ಮತ್ತು ಅಂಗಾಲು ಸೇರುವ ಬಿಳಿ ಗೆರೆ ಬಿರುಕು ಬಿಟ್ಟ ಗೊರಸಲ್ಲಿ ಇದು ಆಗುತ್ತದೆ. ನೋಡಿದವರೆಲ್ಲ ತಲೆ ಆಡಿಸಿದರು. ನಾನು ರಾಸ್ಪ್ ಬಿಡಲಿಲ್ಲ.

ಈಗ ಕೆಲಸದ ವಿಷಯಕ್ಕೆ ಬರೋಣ. ಆರು ವಾರಕ್ಕೊಮ್ಮೆ ದೊಡ್ಡದಾಗಿ ಕತ್ತರಿಸುವುದು ಇಂಥ ಗೊರಸಿಗೆ ಆಗುವುದಿಲ್ಲ. ಆರು ವಾರದಲ್ಲಿ ಟೋ ಮತ್ತೆ ಓಡಿಹೋಗಿರುತ್ತದೆ, ಅಷ್ಟನ್ನು ಒಮ್ಮೆಲೇ ತೆಗೆದರೆ ಕುದುರೆಗೆ ನೋವು. ನಾನು ಹತ್ತು ಹನ್ನೆರಡು ದಿನಕ್ಕೊಮ್ಮೆ, ಒಂದು ಕಾಲಿಗೆ ಐದು ನಿಮಿಷ ಮಾತ್ರ. ಟೋವನ್ನು ಮುಂದಿನಿಂದ ಓರೆಯಾಗಿ ಹಿಂದಕ್ಕೆ ತರುತ್ತೇನೆ, ಸುಮಾರು ನಲವತ್ತೈದು ಡಿಗ್ರಿ. ಅಂಗಾಲು ಮುಟ್ಟುವುದಿಲ್ಲ. ಅಂಗಾಲಿನ ನಡುವಿನ ತ್ರಿಕೋನದ ಮೆತ್ತನೆ ಭಾಗವಾದ ಫ್ರಾಗ್‌ನಲ್ಲಿ ಜೋತಾಡುವ ಚೂರು ಬಿಟ್ಟು ಬೇರೇನೂ ಕೊಯ್ಯುವುದಿಲ್ಲ. ಚೆಂದ ಕಾಣಲಿ ಅಂತ ಅಂಗಾಲು ಕೆತ್ತಿ ಬೆಳ್ಳಗೆ ಮಾಡುವ ಅಭ್ಯಾಸ ನಮ್ಮಲ್ಲಿದೆ. ಆ ಬೆಳ್ಳಗಿನ ಒಂದೊಂದು ಮಿಲಿಮೀಟರ್ ಬೆಳೆಯಲು ಕುದುರೆ ವಾರಗಟ್ಟಲೆ ಕಷ್ಟಪಟ್ಟಿರುತ್ತದೆ. ಹಿಮ್ಮಡಿಯನ್ನು ಫ್ರಾಗ್ ನೆಲ ಮುಟ್ಟುವಷ್ಟಕ್ಕೆ ಇಳಿಸಿ ನಿಲ್ಲಿಸುತ್ತೇನೆ. ತಗ್ಗಾಗಿರುವ ಹಿಮ್ಮಡಿಯನ್ನು ಇನ್ನೂ ಯಾಕೆ ಇಳಿಸುತ್ತೀಯ ಅಂತ ಕೇಳುತ್ತಾರೆ. ಅದು ತಗ್ಗಲ್ಲ, ಮಲಗಿದೆ. ಮಲಗಿದ ತುದಿ ತೆಗೆದರೇ ಭಾರ ಹಿಂದಕ್ಕೆ ಸರಿದು, ಹೊಸದು ನೆಟ್ಟಗೆ ಬರುತ್ತದೆ. ಹಿಂಗಾಲಿನಲ್ಲಿ ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ನನ್ನದೇ ಒಂದು ಗುರುತು ಇದೆ. ಅದನ್ನು ಕಣ್ಣೆದುರೇ ತೋರಿಸಬೇಕು, ಬರೆದರೆ ಯಾರಾದರೂ ಕುದುರೆ ಕೆಡಿಸುತ್ತಾರೆ.

ಗೊರಸು ತಿಂಗಳಿಗೆ ಎಂಟೊಂಬತ್ತು ಮಿಲಿಮೀಟರ್ ಬೆಳೆಯುತ್ತದೆ. ರೋಮದ ಗೆರೆಯಿಂದ ಟೋವರೆಗೆ ಹೊಸ ಗೋಡೆ ಇಳಿಯಲು ಹತ್ತು ಹನ್ನೆರಡು ತಿಂಗಳು ಬೇಕು. ಹಿಮ್ಮಡಿಗೆ ನಾಲ್ಕೈದು ತಿಂಗಳು ಸಾಕು. ಅದಕ್ಕೇ ಮೂರು ತಿಂಗಳಿಗೆ ತೀರ್ಪು ಕೊಡುವವರ ಮಾತು ಕೇಳಬಾರದು. ನಾನು ನೋಡಿದ್ದು ಎರಡೇ. ಒಂದು, ಮೇಲಿಂದ ಇಳಿಯುವ ಹೊಸ ಗೋಡೆಯ ಕೋನ. ಎರಡು, ಕಾಲು ಇಡುವ ರೀತಿ. ಫೋನ್ ನೆಲದ ಮೇಲೆ ಇಟ್ಟು ಸ್ಲೋ ಮೋಷನ್‌ನಲ್ಲಿ ಪಕ್ಕದಿಂದ ವಿಡಿಯೊ ತೆಗೆಯಿರಿ. ಇದಕ್ಕೆ ದುಡ್ಡೂ ಬೇಡ, ಡಾಕ್ಟರೂ ಬೇಡ. ಮೇ ಕೊನೆಯ ಹೊತ್ತಿಗೆ ಮುಂಗಾಲು ಹಿಮ್ಮಡಿ ಮೊದಲು ಇಡತೊಡಗಿತು. ಅವತ್ತಿನಿಂದ ನನಗೆ ಸಂಶಯ ಉಳಿಯಲಿಲ್ಲ. ಟೋ ಮೊದಲು ಇಡುವ ಕುದುರೆಗೆ ಫ್ರಾಗ್, ಅದರ ಮೇಲಿನ ಮೆತ್ತೆ ಕೆಲಸವನ್ನೇ ಮಾಡುವುದಿಲ್ಲ. ಕೆಲಸ ಮಾಡದ ಮೆತ್ತೆ ಬೆಳೆಯುವುದೂ ಇಲ್ಲ.

ಹಿಮ್ಮಡಿ ಮೊದಲು ಇಡಬೇಕಾದರೆ ಕುದುರೆಗೆ ಅಲ್ಲಿ ನೋವಿರಬಾರದು. ಆ ನೋವು ಹೆಚ್ಚಾಗಿ ಬರುವುದು ಥ್ರಶ್‌ನಿಂದ, ಅಂದರೆ ಫ್ರಾಗ್ ಕೊಳೆಯುವ ಸೋಂಕಿನಿಂದ. ಫ್ರಾಗ್ ನಡುವಿನ ಸೀಳಿಗೆ ಕಿವಿ ಕಡ್ಡಿ ಇಳಿದರೆ, ಕಪ್ಪಗೆ ವಾಸನೆ ಬಂದರೆ, ಮೊದಲು ಅದನ್ನು ಗುಣ ಮಾಡಿ. ನಮ್ಮ ಕೆಂಪು ಮಣ್ಣು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಗೊರಸಿಗೆ ಅಂಟಿಕೊಂಡೇ ಇರುತ್ತದೆ. ಬೇವಿನೆಣ್ಣೆ ಹಚ್ಚಿ ನೋಡಿದೆ, ನೊಣ ಓಡಿತೇ ಹೊರತು ಥ್ರಶ್ ಹೋಗಲಿಲ್ಲ. ಫಾರ್ಮಲಿನ್ ಹಾಕಬೇಡಿ, ಒಳ್ಳೆ ಭಾಗವನ್ನೂ ಸುಡುತ್ತದೆ. ಮೈಲುತುತ್ತ ಮತ್ತು ಜಿಂಕ್ ಆಕ್ಸೈಡ್ ಒಂದು ಮೆತ್ತನೆಯ ಮುಲಾಮಿನಲ್ಲಿ ಕಲಸಿ ಸೀಳಿಗೆ ತುಂಬುತ್ತೇನೆ. ಅಳತೆ ನನ್ನಲ್ಲೇ ಇರಲಿ. ಅದಕ್ಕೆ ಎರಡು ಮಳೆಗಾಲ ಖರ್ಚಾಗಿದೆ.

ಅರ್ಧ ಕೆಲಸ ರಾಸ್ಪ್ ಮಾಡಿದ್ದಲ್ಲ, ನೆಲ ಮಾಡಿದ್ದು. ಸುಮಾರು 2,400 ವರ್ಷದ ಹಿಂದೆ ಗ್ರೀಸ್‌ನಲ್ಲಿದ್ದ ಜೆನೊಫನ್ ಅನ್ನುವ ಕುದುರೆ ಸವಾರ, ಲಾಯದ ಅಂಗಳಕ್ಕೆ ನಾಲ್ಕೈದು ಗಾಡಿ ಉರುಟು ಕಲ್ಲು ಹಾಕಿಸಿ, ಮೈ ಉಜ್ಜುವಾಗ ಕುದುರೆಯನ್ನು ಅದರ ಮೇಲೆ ನಿಲ್ಲಿಸಿ ಅಂದಿದ್ದ. ಮೊಳೆ ಹೊಡೆಯುವ ಲಾಳ ಆಗ ಅವರಲ್ಲಿ ಇರಲಿಲ್ಲ. ನಾನೂ ಅದನ್ನೇ ಮಾಡಿದೆ. ಕ್ರಷರ್ ಜಲ್ಲಿ ಬೇಡ, ಅಂಚು ಚೂಪು. ನದಿ ಮರಳು ಜರಡಿ ಹಿಡಿದ ಮೇಲೆ ಉಳಿಯುವ ನುಣುಪು ಕಲ್ಲು ಬೇಕು, ಕಡಲೆಕಾಯಿ ಗಾತ್ರದಿಂದ ನೆಲ್ಲಿಕಾಯಿ ಗಾತ್ರದವರೆಗೆ. ಈಗ ಎಲ್ಲೆಲ್ಲೂ ಎಂ-ಸ್ಯಾಂಡ್ ಆಗಿ ಅದು ಸಿಗುವುದೇ ಕಷ್ಟ. ಒಂದು ಟ್ರ್ಯಾಕ್ಟರ್ ಲೋಡ್‌ಗೆ ಐದು ಸಾವಿರದ ಮೇಲೆ ಬಿತ್ತು, ಮೂರು ಲೋಡ್ ಹಾಕಿಸಿದೆ. ನೀರಿನ ತೊಟ್ಟಿಯ ಸುತ್ತ ಆರು ಇಂಚು ದಪ್ಪ. ನೀರು ಕುಡಿಯಬೇಕಾದರೆ ಅದರ ಮೇಲೆ ನಿಲ್ಲಲೇಬೇಕು. ಮೊದಲ ವಾರ ಚಂದ್ರಿ ಒಂದೊಂದೇ ಹೆಜ್ಜೆ ಇಟ್ಟು ಬರುತ್ತಿದ್ದಳು. ಆರೇಳು ತಿಂಗಳಿಗೆ ಮಧ್ಯಾಹ್ನದ ನಿದ್ದೆಯೇ ಅಲ್ಲಿ.

ಜೊತೆಗೆ ಬೇಲಿಯ ಒಳಗೆ ಇನ್ನೊಂದು ಬೇಲಿ ಹಾಕಿ, ಜಮೀನಿನ ಅಂಚಿನಲ್ಲಿ ಹತ್ತು ಹನ್ನೆರಡು ಅಡಿ ಅಗಲದ ಸುತ್ತುದಾರಿ ಮಾಡಿದೆ. ಅಮೆರಿಕದಲ್ಲಿ ಕಾಡುಕುದುರೆಗಳ ಗೊರಸು ನೋಡಿ ಬಂದ ಜೇಮಿ ಜ್ಯಾಕ್ಸನ್ ಎಂಬ ಲಾಳದವರ ವಿಚಾರ ಅದು. ನೀರು ಒಂದು ಕಡೆ, ಹುಲ್ಲು ಇನ್ನೊಂದು ಕಡೆ, ಉಪ್ಪು ಮತ್ತೊಂದು ಕಡೆ. ಕುದುರೆ ತಾನಾಗಿಯೇ ನಡೆಯುತ್ತದೆ. ಲಾಯದಲ್ಲಿ ಇಪ್ಪತ್ತೆರಡು ಗಂಟೆ ನಿಲ್ಲಿಸಿ, ಗೊರಸು ಬೆಳೆಯಲಿ ಅಂತ ಪುಡಿ ತಿನ್ನಿಸಿದರೆ ಏನೂ ಆಗುವುದಿಲ್ಲ.

ಪುಡಿಯ ಮಾತು ಬಂತು. ಬಯೋಟಿನ್ ದಿನಕ್ಕೆ ಇಪ್ಪತ್ತು ಮಿಲಿಗ್ರಾಂ ಲೆಕ್ಕದಲ್ಲಿ ಆರು ತಿಂಗಳು ಕೊಟ್ಟೆ, ತಿಂಗಳಿಗೆ ಮೂರು ಸಾವಿರದ ಹತ್ತಿರ. ಅದೊಂದರಿಂದ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡಿದ್ದು ಮೇವು ಬದಲಾಯಿಸಿದಾಗ. ನಮ್ಮ ಕಡೆ ಹಸುವಿಗೆ ಹಾಕುವ ನೇಪಿಯರ್ ಹುಲ್ಲನ್ನೇ ಕುದುರೆಗೂ ಹಾಕುತ್ತಾರೆ. ಅದರಲ್ಲಿ ಆಕ್ಸಲೇಟ್ ಜಾಸ್ತಿ, ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಬಕೆಟ್‌ಗಟ್ಟಲೆ ಗೋಧಿ ಬೂಸಾ, ಅದರಲ್ಲಿ ಫಾಸ್ಫರಸ್ ಎಷ್ಟೋ ಪಟ್ಟು ಜಾಸ್ತಿ. ಎರಡೂ ಸೇರಿದರೆ ಕುದುರೆ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ. ಇವತ್ತು ಈ ಕಾಲು, ನಾಳೆ ಆ ಕಾಲು ಅಂತ ಕುಂಟುವ ಕುದುರೆಗಳಲ್ಲಿ ನಾನು ಮೊದಲು ನೋಡುವುದೇ ಮೇವಿನ ರಾಶಿ. ನೇಪಿಯರ್ ನಿಲ್ಲಿಸಿ ಗರಿಕೆ, ರಾಗಿ ಹುಲ್ಲು, ಜೊತೆಗೆ ಕುದುರೆ ಮೆಂತ್ಯೆ ಹಾಕಿದೆ. ಬೂಸಾ ಮುಷ್ಟಿಗೆ ಇಳಿಯಿತು. ಓಟ್ಸ್ ಅರ್ಧ ಮಾಡಿ, ಬೇಯಿಸಿದ ಹುರುಳಿ ಸ್ವಲ್ಪ. ತಾಮ್ರ, ಸತು ಬೇರೆಯಾಗಿ. ಮೇವು ಬದಲಾದ ತಿಂಗಳು ಗೋಡೆಯ ಮೇಲೆ ಒಂದು ಉಬ್ಬು ಗೆರೆಯಾಗಿ ಕಂಡಿತು. ಗೆರೆಯ ಮೇಲಿನ ಗೋಡೆ ನುಣುಪು, ಕೆಳಗಿನದು ಒರಟು. ಆ ಫೋಟೊ ಇಟ್ಟುಕೊಂಡಿದ್ದೇನೆ, ಸಂಶಯ ಇರುವವರಿಗೆ ತೋರಿಸಲು.

ಬೆನ್ನಿನ ಕಥೆ. ಲಾಳ ಬಿಚ್ಚಿದ ಮೇಲೆ ಐದು ತಿಂಗಳು ನಾನು ಅವಳ ಮೇಲೆ ಹತ್ತಲಿಲ್ಲ. ಉದ್ದ ಹಗ್ಗದಲ್ಲಿ ನಡೆಸಿದೆ, ಕೈಯಲ್ಲಿ ಹಿಡಿದು ಗುಡ್ಡ ಹತ್ತಿಸಿ ಇಳಿಸಿದೆ, ನೆಲದ ಮೇಲೆ ಮರದ ಕಂಬ ಇಟ್ಟು ದಾಟಿಸಿದೆ. ಹಿಂಗಾಲಿನ ಟೋ ಹಿಂದಕ್ಕೆ ಬಂದಂತೆ ಅವಳು ನಿಲ್ಲುವ ರೀತಿಯೇ ಬದಲಾಯಿತು, ಹಿಂಗಾಲು ನೆಟ್ಟಗೆ ಬಂತು. ಜುಲೈ ಹೊತ್ತಿಗೆ ಸೊಂಟ ಒತ್ತಿದರೆ ಕುಸಿಯುತ್ತಿರಲಿಲ್ಲ. ಭುಜದ ಮೇಲಿನ ಉಬ್ಬಿನ (ವಿದರ್ಸ್) ಹಿಂದಿನ ಗುಂಡಿ ತುಂಬುತ್ತಾ ಬಂತು. ಮೂವತ್ತೈದು ಸಾವಿರದ ಜೀನು ಆಗ ಬಿಗಿಯಾಯಿತು, ಅಗಲ ಗಲ್ಲೆಟ್‌ನ (ಜೀನಿನ ಅಡಿಯ ನಡು ಸಂದು) ಹಳೇ ಜೀನು ಹನ್ನೆರಡು ಸಾವಿರಕ್ಕೆ ತಗೊಂಡೆ. ಕಾಲು ಸರಿಯಾಗುವ ಮೊದಲು ಜೀನಿಗೆ ದುಡ್ಡು ಹಾಕಬೇಡಿ. ಇರುವುದಕ್ಕೆ ದಪ್ಪ ಪ್ಯಾಡ್ ಹಾಕಿ ದಿನ ದೂಡಿ.

ಗೊರಸಿಗೆ ಹಾಕುವ ಬೂಟು ಬೇಕಾ ಅಂತ ಕೇಳುತ್ತಾರೆ. ಬೇಕು. ಹೊರಗಿನಿಂದ ತರಿಸಿದ ಒಂದು ಜೊತೆ ಡ್ಯೂಟಿ ಸೇರಿ ಇಪ್ಪತ್ತೆರಡು ಸಾವಿರದ ಆಸುಪಾಸು. ಮೊದಲ ವರ್ಷ ಸವಾರಿಗೆ ಹೋದಾಗೆಲ್ಲ ಮುಂಗಾಲಿಗೆ ಹಾಕಿದೆ. ನಡುವೆ ಗಿರಣಿಯ ಹಳೇ ಕನ್ವೇಯರ್ ಬೆಲ್ಟ್ ಕತ್ತರಿಸಿ ಚಪ್ಪಲಿ ಹೊಲಿಯುವವರ ಹತ್ತಿರ ಒಂದು ಜೊತೆ ಮಾಡಿಸಿದೆ. ನಡಿಗೆಯಲ್ಲಿ ಚೆನ್ನಾಗಿ ನಿಂತಿತು, ಟ್ರಾಟ್‌ನಲ್ಲಿ ತಿರುಗಿಕೊಂಡಿತು. ಬಕಲ್ ಜಾಗ ಬದಲಾಯಿಸಿ ಇನ್ನೊಂದು ಜೊತೆ ಮಾಡಿಸುತ್ತಿದ್ದೇನೆ. ಅದು ಗೆದ್ದರೆ ಎರಡು ಸಾವಿರದೊಳಗೆ ಮುಗಿಯುತ್ತದೆ.

ಎಲ್ಲ ಕುದುರೆಗೂ ಲಾಳ ಬಿಚ್ಚಿ ಅಂತ ನಾನು ಹೇಳುತ್ತಿಲ್ಲ. ಮೈಸೂರಿನ ಅಶ್ವಾರೋಹಿ ಪೊಲೀಸ್ ಕುದುರೆಗಳ ಹಾಗೆ ಟಾರು ರಸ್ತೆಯಲ್ಲಿ ಗಂಟೆಗಟ್ಟಲೆ ಕೆಲಸ ಮಾಡುವುದಕ್ಕೆ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆದರೆ ಲಾಳ ಬೇಕು. ಗೊರಸಿನ ಮೂಳೆ ಮುರಿದಿದ್ದರೆ ಬಾರ್ ಲಾಳ ಬೇಕೇ ಬೇಕು. ಪಕ್ಕದ ಲಾಯದ ಮಾರ್ವಾಡಿ ತಳಿಯ ಹೆಣ್ಣು ಕುದುರೆಗೆ ನಾನು ಏನೂ ಮಾಡಲಿಲ್ಲ, ಹುಟ್ಟಿನಿಂದಲೇ ಲಾಳ ಕಾಣದ ಗೊರಸು ಅದು.

ವರ್ಷ ತುಂಬಿದ ಮೇಲೆ ತೆಗೆಸಿದ ಎಕ್ಸ್‌ರೇಯಲ್ಲಿ ಅಂಗಾಲು ಹದಿನೈದು ಹದಿನಾರು ಮಿಲಿಮೀಟರ್ ಇತ್ತು. ಹಿಂಗಾಲಿನ ಮೂಳೆ ಮೂರು ಡಿಗ್ರಿಯಷ್ಟು ಸರಿಯಾದ ಕಡೆಗೆ ತಿರುಗಿತ್ತು. ಬರಿಗಾಲಿನ ವರ್ಷದ ಖರ್ಚು ಕಲ್ಲು, ಬೇಲಿ, ಬೂಟು, ನಾಲ್ಕು ಸಾವಿರದ ಒಂದು ರಾಸ್ಪ್ ಎಲ್ಲ ಸೇರಿ ಎಂಬತ್ತು ಸಾವಿರದ ಹತ್ತಿರ. ಎರಡನೇ ವರ್ಷ ಹೊಸ ರಾಸ್ಪ್ ಬಿಟ್ಟು ಗೊರಸಿಗೆ ಖರ್ಚೇ ಇಲ್ಲ. ಈಗ ಮೈಸೂರಿನಿಂದ ಬಂದ ಒಂದು ಗೆಲ್ಡಿಂಗ್ (ಬೀಜ ತೆಗೆಸಿದ ಗಂಡು ಕುದುರೆ) ಕೈಯಲ್ಲಿದೆ. ಒಂದು ಮುಂಗಾಲು ನೆಟ್ಟಗೆ, ಇನ್ನೊಂದು ಚಪ್ಪಟೆ, ಜೀನು ಯಾವಾಗಲೂ ಬಲಕ್ಕೆ ಜಾರುತ್ತದೆ. ಅವನಿಗೆ ಎರಡು ಕಾಲನ್ನೂ ಒಂದೇ ರೀತಿ ಮಾಡಲು ಹೋಗುತ್ತಿಲ್ಲ. ನೆಟ್ಟಗಿನ ಕಾಲಿನ ಹಿಮ್ಮಡಿಯನ್ನು ವಾರಕ್ಕೊಮ್ಮೆ ಸ್ವಲ್ಪ, ಚಪ್ಪಟೆ ಕಾಲಿನ ಟೋವನ್ನು ಹತ್ತು ದಿನಕ್ಕೊಮ್ಮೆ. ಮೇಲಿಂದ ಭುಜದ ಫೋಟೊ ತಿಂಗಳಿಗೊಂದು ತೆಗೆಯುತ್ತಿದ್ದೇನೆ. ನಾಲ್ಕನೇ ತಿಂಗಳ ಫೋಟೊದಲ್ಲಿ ಎಡ ಭುಜ ಸ್ವಲ್ಪ ತುಂಬಿದೆ.