ಬಿಸ್ಕತ್ತು ಡಬ್ಬಿಯ ಎಲೆಕ್ಟ್ರಿಕ್ ಗಿಟಾರ್

ತಗಡಿನ ಡಬ್ಬಿ, ಹಳೆ ಕಿಟಕಿಯ ಮರ, ಮೂರು ತಂತಿ ಇದ್ದರೆ ನುಡಿಯುವ ವಾದ್ಯ ಸಿದ್ಧ. ಆಂಪ್ಲಿಫೈಯರ್‌ಗೆ ಸಿಕ್ಕಿಸಿದಾಗಲೇ ಎಡವಟ್ಟು: ಒಂದೋ ಗುಂಯ್‌ ಎನ್ನುತ್ತದೆ, ಇಲ್ಲವೇ ಸದ್ದೇ ಇಲ್ಲ. ಕೆಡುವುದು ಹೆಚ್ಚಾಗಿ ತಂತಿಯ ಅದುರನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ ಕೂರಿಸುವಾಗ. ಹಾಗಾಗಿ ಮರಗೆಲಸವನ್ನು ಬೇಗ ಮುಗಿಸೋಣ.

1. ಕೋಲು ಮತ್ತು ಡಬ್ಬಿ

90 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 2.5 ಸೆಂ.ಮೀ. ದಪ್ಪದ ತೇಗದ ಪಟ್ಟಿ ಸಾಕು. ಪ್ಲೈವುಡ್ ಬೇಡ, ಬಾಗುತ್ತದೆ. ಕೋಲು ಡಬ್ಬಿಯ ಒಂದು ಬದಿಯಲ್ಲಿ ಹೊಕ್ಕು ಇನ್ನೊಂದು ಬದಿಯಲ್ಲಿ 2 ಸೆಂ.ಮೀ. ಹೊರಬರಬೇಕು, ತಂತಿಯ ಬುಡವನ್ನು ಆ ತುದಿಗೇ ಬಿಗಿಯಬೇಕು. ಮೂರು ತಂತಿಗಳ ಎಳೆತ ಸೇರಿ 20 ಕೆ.ಜಿ. ದಾಟುತ್ತದೆ. ಕೋಲನ್ನು ಡಬ್ಬಿಯ ಪಕ್ಕಕ್ಕೆ ಸ್ಕ್ರೂ ಹೊಡೆದು ನಿಲ್ಲಿಸಿದರೆ ತಗಡು ಒಳಕ್ಕೆ ಮಡಚಿಕೊಳ್ಳುವುದು ಖಂಡಿತ. ಡಬ್ಬಿಯೊಳಗಿನ ಭಾಗದಲ್ಲಿ ಕೋಲಿನ ಮೇಲ್ಮೈಯನ್ನು 5 ಮಿ.ಮೀ. ಕೆತ್ತಿ ತೆಗೆಯಿರಿ, ಮುಚ್ಚಳ ಅದುರಲು ಜಾಗ ಬೇಕು. ಕತ್ತರಿಸಿದ ತಗಡಿನ ಅಂಚಿಗೆ ಅರ ಹಾಕದೆ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ.

ಕೋಲಿನ ಮೇಲ್ತುದಿಯಲ್ಲಿ ಒಂದು, ಮುಚ್ಚಳದ ಮೇಲಿನ ಮರದ ತುಂಡಿನ ಮೇಲೆ ಇನ್ನೊಂದು: ಎರಡು 8 ಮಿ.ಮೀ. ಬೋಲ್ಟ್ ಅಡ್ಡಲಾಗಿ ಇಡಿ. ಬೋಲ್ಟಿನ ತಿರುಪಿನ ಸಾಲುಗಳಲ್ಲೇ ತಂತಿ ಕೂರುತ್ತದೆ. ಇವೆರಡರ ನಡುವೆ ಸರಿಯಾಗಿ 64 ಸೆಂ.ಮೀ. ತಂತಿ ಬಿಗಿಸುವ ಬಿರಡೆಗಳನ್ನು ಮುರಿದ ಗಿಟಾರ್‌ನಿಂದ ಬಿಚ್ಚಿಕೊಳ್ಳಿ.

2. ಪೀಜೋ ಬಿಲ್ಲೆ

ನಮ್ಮ ಪಿಕಪ್ ಇದೇ, 27 ಮಿ.ಮೀ. ಹಿತ್ತಾಳೆ ಬಿಲ್ಲೆ; ನಡುವೆ ಬಿಳಿ ಪಿಂಗಾಣಿ, ಅದರ ಮೇಲೆ ಬೆಳ್ಳಿಯ ತೆಳು ಲೇಪ. ಹಳೆ ಲ್ಯಾಂಡ್‌ಲೈನ್ ಫೋನಿನ ರಿಂಗರ್‌ನಲ್ಲಿ, ಹಾಡುವ ಗ್ರೀಟಿಂಗ್ ಕಾರ್ಡಿನಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಗೂಡಿನಿಂದ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಬೇಡಿ. ಹಿತ್ತಾಳೆ ಕೂದಲೆಳೆಯಷ್ಟು ಬಾಗಿದರೂ ಪಿಂಗಾಣಿ ಸೀಳುತ್ತದೆ, ಸೀಳು ಕಣ್ಣಿಗೆ ಕಾಣುವುದೂ ಇಲ್ಲ. ಗೂಡನ್ನು ಕಟಿಂಗ್ ಪ್ಲೇಯರ್‌ನಿಂದ ಅಂಚಿನಿಂದ ಚೂರುಚೂರಾಗಿ ಮುರಿಯಿರಿ. ತಾಳ್ಮೆ ಇಲ್ಲವೇ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೊಸದನ್ನೇ ಕೊಳ್ಳಿ. ಬೇಕಾದದ್ದು ಒಂದೇ, ಆದರೂ ಕೊಳ್ಳುವುದಾದರೆ ಮೂರು ಕೊಳ್ಳಿ.

ಬೆಸುಗೆಗೆ 25 ವ್ಯಾಟ್‌ನ ಕಬ್ಬಿಣ, 0.8 ಮಿ.ಮೀ.ನ 60/40 ಸೀಸ (ತವರ-ಸೀಸ ಬೆರೆತ ಬೆಸುಗೆ ತಂತಿ). ವಯರ್‌ಗೆ ಹಳೆ ಡಿವಿಡಿ ಪ್ಲೇಯರ್‌ನ ಆಡಿಯೋ ಕೇಬಲ್ಲೇ ಒಳ್ಳೆಯದು, ಒಳಗಿನ ಎಳೆಯ ಸುತ್ತ ಲೋಹದ ಎಳೆಗಳ ಹೆಣಿಗೆ ಇರುತ್ತದೆ. ಅದನ್ನು 20 ಸೆಂ.ಮೀ.ಗೆ ಕತ್ತರಿಸಿ, ಎರಡೂ ತುದಿಗೆ ಮೊದಲೇ ಸೀಸ ಹಚ್ಚಿಡಿ. ಹೆಣಿಗೆ ಹಿತ್ತಾಳೆಗೆ: ಉಪ್ಪುಕಾಗದದಿಂದ ಅಂಚನ್ನು ಉಜ್ಜಿ, ಬೆಸುಗೆ ಪೇಸ್ಟ್ ಹಚ್ಚಿ, ಬಿಸಿ ಹಿಡಿಯುವ ತನಕ ಕಾಯಿರಿ. ನಡುವಿನ ಎಳೆ ಬಿಳಿ ಭಾಗಕ್ಕೆ, ಅದರ ಅಂಚಿನ ಹತ್ತಿರ. ಇಲ್ಲಿ ಕಬ್ಬಿಣ ಎರಡು ಸೆಕೆಂಡಿಗಿಂತ ಹೆಚ್ಚು ತಾಗಬಾರದು. ಮೂರನೆಯ ಸೆಕೆಂಡಿಗೆ ಬೆಳ್ಳಿ ಲೇಪ ಸೀಸದೊಳಗೆ ಕರಗಿಹೋಗುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಅಲ್ಲಿ ಸೀಸ ನಿಲ್ಲದು. ಒಂದೇ ಸಲಕ್ಕೆ ಹಿಡಿಯದಿದ್ದರೆ ಆರಲು ಬಿಟ್ಟು, ಬೇರೆ ಜಾಗದಲ್ಲಿ ಮತ್ತೆ ಮುಟ್ಟಿಸಿ.

ಅಂಟಿಸುವ ಮುಂಚೆಯೇ ಪರೀಕ್ಷಿಸಿ. ಮಲ್ಟಿಮೀಟರ್‌ನಲ್ಲಿ ರೋಧ ತೋರಿಸಿದರೆ ಎಲ್ಲೋ ಶಾರ್ಟ್ ಆಗಿದೆ. ಕೆಪಾಸಿಟರ್ ಅಳೆಯುವ ಮೀಟರ್ ಆದರೆ 20 ನ್ಯಾನೋಫ್ಯಾರಡ್ ಆಸುಪಾಸು ಬರಬೇಕು.

ಬಿಲ್ಲೆಯನ್ನು ಬರಿ ತಗಡಿಗೆ ಅಂಟಿಸುವವರೇ ಹೆಚ್ಚು. ಬಿಳಿ ಭಾಗ ತಗಡಿಗೆ ತಾಗಿದರೆ ಸದ್ದು ಸತ್ತಂತೆ. ತಾಗದಿದ್ದರೂ ಡಬ್ಬಿಯ ಮೇಲೆ ಉಗುರು ಆಡಿದ್ದೆಲ್ಲ ಸ್ಪೀಕರ್‌ನಲ್ಲಿ ಕೇಳುತ್ತದೆ. 3 ಮಿ.ಮೀ. ಮರದ ಎರಡು ಚೂರುಗಳ ನಡುವೆ ಬಿಲ್ಲೆಯನ್ನು ಅರಾಲ್ಡೈಟ್‌ನಿಂದ ಕೂರಿಸಿ, ಇಡೀ ಕಟ್ಟನ್ನು ಬೋಲ್ಟಿನ ನೇರ ಕೆಳಗೆ, ಮುಚ್ಚಳದ ಒಳಮೈಗೆ ಅಂಟಿಸಿ. ರಾತ್ರಿಯಿಡೀ ಬಿಡಿ. ಫೋಮ್ ಟೇಪ್ ಅದುರನ್ನೆಲ್ಲ ನುಂಗುತ್ತದೆ. ಗ್ಲೂ ಗನ್ನಿನ ಅಂಟು ಬಿಸಿಲಲ್ಲಿ ಮೆತ್ತಗಾಗುತ್ತದೆ.

3. ಜ್ಯಾಕ್ ಮತ್ತು ಗ್ರೌಂಡ್

6.35 ಮಿ.ಮೀ. ಮೊನೊ ಜ್ಯಾಕ್: ನಡುವಿನ ಎಳೆ ತುದಿಗೆ (ಟಿಪ್), ಹೆಣಿಗೆ ತೋಳಿಗೆ (ಸ್ಲೀವ್). ಡಬ್ಬಿಯಲ್ಲಿ ಜ್ಯಾಕ್ ಕೂರುವ ಜಾಗದ ಬಣ್ಣ ಕೆರೆಯಿರಿ. ಆಗ ಇಡೀ ತಗಡು ಗ್ರೌಂಡ್ ಆಗಿ ಗುಂಯ್‌ಗುಡುವಿಕೆಗೆ ತಡೆಯಾಗುತ್ತದೆ. ತಂತಿಯ ಬುಡದಿಂದಲೂ ಜ್ಯಾಕಿನ ತೋಳಿಗೆ ಒಂದು ವಯರ್ ಎಳೆಯಿರಿ. ಈಗ ತಂತಿ ಮುಟ್ಟುವ ಕೈ ಆಂಪ್ಲಿಫೈಯರ್‌ನ ಗ್ರೌಂಡನ್ನೇ ಮುಟ್ಟಿದಂತೆ. ಟ್ರಾನ್ಸ್‌ಫಾರ್ಮರ್ ಇಲ್ಲದ, ಮನೆಯಲ್ಲೇ ಕಟ್ಟಿದ ಆಂಪ್ಲಿಫೈಯರ್, ಹಳೆ ಡಬ್ಬಾ ಟಿ.ವಿ.ಗಳಿಗೆ ಇದನ್ನು ಎಂದಿಗೂ ಸಿಕ್ಕಿಸಬೇಡಿ, ಜೀವಕ್ಕೆ ಅಪಾಯ.

4. ದನಿ ತಗಡಿನಂತಿದ್ದರೆ

ಗಿಟಾರ್ ಆಂಪ್ಲಿಫೈಯರ್‌ನ ಇನ್‌ಪುಟ್ ರೋಧ ಸಾಮಾನ್ಯವಾಗಿ 1 ಮೆಗಾಓಮ್. ಅಲ್ಲಿ ತೊಂದರೆಯಿಲ್ಲ. 10 ಕಿಲೋಓಮ್ ಇನ್‌ಪುಟ್‌ನ ಮಿಕ್ಸರ್‌ಗೆ ಕೊಟ್ಟರೆ ಸುಮಾರು 800 ಹರ್ಟ್ಜ್‌ಗಿಂತ ಕೆಳಗಿನದು ಸೊರಗುತ್ತದೆ, ನಮ್ಮ ದಪ್ಪ ತಂತಿಯೋ ನುಡಿಯುವುದು 98ರಲ್ಲಿ. ದೋಷ ಬಿಲ್ಲೆಯದಲ್ಲ. ಬಿಎಫ್‌ಡಬ್ಲ್ಯು10 ಟ್ರಾನ್ಸಿಸ್ಟರ್ ಒಂದನ್ನು ನಡುವೆ ಹಾಕಿ (ಗೇಟ್, ಸೋರ್ಸ್, ಡ್ರೇನ್ ಅದರ ಕಾಲುಗಳು): ಗೇಟ್‌ಗೆ ಬಿಲ್ಲೆ, ಗೇಟ್‌ನಿಂದ ಗ್ರೌಂಡ್‌ಗೆ 2.2 ಮೆಗಾಓಮ್, ಸೋರ್ಸ್‌ನಿಂದ ಗ್ರೌಂಡ್‌ಗೆ 4.7 ಕಿಲೋಓಮ್, ಡ್ರೇನ್‌ಗೆ 9 ವೋಲ್ಟ್ ಬ್ಯಾಟರಿಯ ಪ್ಲಸ್, ಅದರ ಮೈನಸ್ ಗ್ರೌಂಡ್‌ಗೆ. ಸೋರ್ಸ್‌ನಿಂದ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ದನಿ ಹೊರಗೆ. ನಾಲ್ಕನೆಯ ಕಾಲು ಅದರ ಲೋಹದ ಕವಚದ್ದು, ಅದೂ ಗ್ರೌಂಡ್‌ಗೆ.

5. ತಂತಿ, ಸ್ವರಸ್ಥಾನ

ಗಿಟಾರ್ ಸೆಟ್ಟಿನ 5, 4, 3ನೇ ತಂತಿಗಳನ್ನು ಜಿ-ಡಿ-ಜಿಗೆ ಶ್ರುತಿ ಮಾಡಿ, ಸ-ಪ-ಸ ಸಿಕ್ಕಿತು. ಫ್ರೆಟ್ (ಸ್ವರಸ್ಥಾನದ ಲೋಹದ ಅಡ್ಡಪಟ್ಟಿ) ಹೊಡೆಯುವ ಸಾಹಸ ಬೇಡ. ಸಾಕೆಟ್ ಸ್ಪ್ಯಾನರಿನ ತುಂಡನ್ನು ಬೆರಳಿಗೆ ತೊಡಿಸಿ ತಂತಿಯ ಮೇಲೆ ಜಾರಿಸಿದರಾಯಿತು. ತಂತಿಯನ್ನು ಒತ್ತಬೇಡಿ, ತುಂಡು ಕೋಲಿನ ಮೇಲೆ ಎಳೆದ ಗೆರೆಯ ನೇರ ಮೇಲೇ ಇರಲಿ. ಮೋಹನ ರಾಗಕ್ಕೆ ಮೇಲಿನ ಬೋಲ್ಟಿನಿಂದ ಗೆರೆಗಳು: ರಿ 70 ಮಿ.ಮೀ., ಗ 132, ಪ 213, ದ 260, ತಾರಸ್ಥಾಯಿ ಸ 320. ಗಾಂಧಾರ 132ರಲ್ಲಿ ಕೀಬೋರ್ಡಿಗೆ ಹೊಂದುತ್ತದೆ; ತಂಬೂರಿಯ ಜೊತೆ ನುಡಿಸುವುದಾದರೆ 128ಕ್ಕೆ ಎಳೆಯಿರಿ.