ಹಾಡಿ ಮಕ್ಕಳೂ ಊರ ಮಕ್ಕಳೂ: ನಮ್ಮ ಅಂಗನವಾಡಿಯ ಅನುಭವ

ನಾನು ಹುಣಸೂರು ತಾಲ್ಲೂಕಿನ ಒಂದು ಅಂಗನವಾಡಿಯಲ್ಲಿ ಕಾರ್ಯಕರ್ತೆ. ನಾಗರಹೊಳೆ ಕಾಡಿನ ಅಂಚಿನ ಊರು. ಒಕ್ಕಲಿಗರ, ನಾಯಕರ, ಪರಿಶಿಷ್ಟರ ಬೀದಿಯ ಮಕ್ಕಳು, ನಾಲ್ಕಾರು ಮುಸ್ಲಿಮರ ಮನೆಯ ಮಕ್ಕಳು, ಪಕ್ಕದ ಹಾಡಿಯ, ಅಂದರೆ ಆದಿವಾಸಿಗಳ ಕೇರಿಯ, ಜೇನುಕುರುಬರ ಮಕ್ಕಳು, ಎಲ್ಲರೂ ಒಂದೇ ಕೋಣೆಯಲ್ಲಿ. ನೋಡಿದವರು ಎಷ್ಟು ಚೆಂದ ಅಂತಾರೆ. ಆದರೆ ಹಾಡಿ ಮಕ್ಕಳು ಬಾಗಿಲ ಹತ್ತಿರ ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದರು. ಅಲ್ಲಿ ಕೂರಿ ಅಂತ ಯಾರೂ ಹೇಳಿರಲಿಲ್ಲ. ಮೂರು ವರ್ಷಕ್ಕೇ ಅವಕ್ಕೆ ಅದು ಗೊತ್ತಾಗಿಬಿಟ್ಟಿತ್ತಲ್ಲ, ನನಗೆ ತುಂಬ ಸಂಕಟವಾದದ್ದು ಅದಕ್ಕೆ.

ನಮ್ಮ ಜಿಲ್ಲೆಯ ಟಿ. ನರಸೀಪುರದಲ್ಲೇ 1975ರಲ್ಲಿ ರಾಜ್ಯದ ಮೊದಲ ಅಂಗನವಾಡಿ ಯೋಜನೆ ಶುರುವಾದದ್ದು. ಊಟ, ತೂಕ, ಚುಚ್ಚುಮದ್ದು ಎಲ್ಲಕ್ಕೂ ಲೆಕ್ಕ ಇದೆ. ಮಗುವಿಗೆ ಇದು ನನ್ನ ಜಾಗ ಅನ್ನಿಸಿದೆಯಾ ಅಂತ ಬರೆಯೋಕೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.

ನಾನು ಮೊದಲು ಹಿಡಿದುಕೊಂಡದ್ದು ಕೆಲಸ ಹಂಚೋದನ್ನ. ಎಲ್ಲರೂ ಒಂದೇ ಅಂತ ಹಾಡು ಹೇಳಿಸಿದರೆ ಈ ವಯಸ್ಸಿನ ಮಕ್ಕಳಿಗೆ ಅದು ಬರೀ ಹಾಡು. ಆದರೆ ತಟ್ಟೆ ಯಾರು ಹಂಚುತ್ತಾರೆ, ಟೀಚರ್ ಪಕ್ಕ ಯಾರು ನಿಲ್ಲುತ್ತಾರೆ, ಇದನ್ನೆಲ್ಲ ಮಕ್ಕಳು ಕಣ್ಣಿಟ್ಟು ನೋಡುತ್ತವೆ. ಹಾಗಾಗಿ ಹೊಸ ಮಗು ಬಂದ ವಾರದಲ್ಲೇ ಅದಕ್ಕೊಂದು ಕೆಲಸ. ಚಪ್ಪಲಿ ಸಾಲಾಗಿ ಜೋಡಿಸೋದು ಮಾತ್ರ ಕೊಡೋದಿಲ್ಲ, ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ. ತಟ್ಟೆ ಹಂಚೋದು, ಲೆಕ್ಕಕ್ಕೆ ಇಟ್ಟಿರುವ ಹುಣಸೆ ಬೀಜದ ಡಬ್ಬಿ ಕಾಯೋದು, ಹಾಜರಿ ಕರೆಯುವಾಗ ನನ್ನ ಪಕ್ಕ ನಿಂತು ಎಣಿಸೋದು. ಬಾಯೇ ಬಿಡದ ಒಬ್ಬ ಹಾಡಿ ಹುಡುಗಿ ಬೀಜದ ಡಬ್ಬಿ ಕೈಗೆ ಬಂದ ಮೇಲೆ "ಏಯ್, ಇನ್ನೊಂದ್ ಕೊಡ್ಬೇಕು ನೀನು" ಅಂತ ಊರ ಗೌಡರ ಮೊಮ್ಮಗನನ್ನೇ ಗದರಿದಳು. ಅವನು ಮಾತಾಡದೆ ಜೇಬಿನಿಂದ ತೆಗೆದು ಕೊಟ್ಟ. ಆ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಹೇನಿನ ವಿಚಾರ ದೊಡ್ಡ ತಲೆನೋವಾಗಿತ್ತು. "ಹಾಡಿ ಮಕ್ಳ ಪಕ್ಕ ಕೂರಿಸ್ಬೇಡಿ ಟೀಚರ್, ಹೇನು ಹತ್ತುತ್ತೆ" ಅಂತ ತಾಯಂದಿರು ಬಾಗಿಲಲ್ಲೇ, ಆ ಮಕ್ಕಳ ಎದುರಿಗೇ ಹೇಳುತ್ತಿದ್ದರು. ನಾನು ಶನಿವಾರ ತಲೆ ಬಾಚೋ ದಿನ ಅಂತ ಮಾಡಿದೆ. ಜಗಲಿ ಮೇಲೆ ಬಿಳಿ ಬಟ್ಟೆ ಹಾಸಿ, ಬೇವಿನೆಣ್ಣೆ ಹಚ್ಚಿ, ಸೀರಣಿಗೆಯಲ್ಲಿ ಎಲ್ಲರ ತಲೆಯನ್ನೂ ಬಾಚೋದು. ಒಬ್ಬರನ್ನೂ ಬಿಡುವಂತಿಲ್ಲ. ನನ್ನ ಮಗಳನ್ನೂ ಕೂರಿಸಿದೆ. ತಾಯಂದಿರನ್ನೂ ಬರಹೇಳಿದೆ. ಬಟ್ಟೆ ಮೇಲೆ ಬಿದ್ದ ಹೇನು ಯಾವ ಬೀದಿಯದು ಅಂತ ಆಮೇಲೆ ಯಾರೂ ಕೇಳಲಿಲ್ಲ, ಎಲ್ಲ ತಲೆಯಲ್ಲೂ ಇತ್ತು.

ಅಡುಗೆ ವಿಷಯ ಇಷ್ಟು ಸುಲಭಕ್ಕೆ ಮುಗಿಯಲಿಲ್ಲ. ನಮ್ಮ ಸಹಾಯಕಿ ಪರಿಶಿಷ್ಟರ ಬೀದಿಯವರು. ಅವರು ಬಂದ ಹೊಸದರಲ್ಲಿ ಕೆಲವರು ಮಕ್ಕಳಿಗೆ ಮನೆಯಿಂದ ಡಬ್ಬಿ ಕಳಿಸೋಕೆ ಶುರು ಮಾಡಿದರು. ಒಬ್ಬ ಅಜ್ಜಿ ಬಂದು ನೇರವಾಗೇ ಹೇಳಿದರು: "ಅವ್ಳ ಕೈ ಅಡ್ಗೆ ನಮ್ಮುಡ್ಗ ತಿನ್ನಕಿಲ್ಲ ಕಣವ್ವ." ನಾನು, "ಅಜ್ಜಿ, ನಾನು ದಿನಾ ಉಣ್ತೀನಿ, ಇವತ್ತು ನೀವೂ ಕೂತು ನೋಡಿ. ಡಬ್ಬಿ ಮಾತ್ರ ಇಲ್ಲಿ ನಡೆಯಲ್ಲ" ಅಂದೆ. ಅಜ್ಜಿ ಹುಡುಗನ ಕೈ ಹಿಡಿದು ಎದ್ದು ಹೋದರು. ಅಂಗನವಾಡಿ ನೋಡಿಕೊಳ್ಳುವ ಬಾಲವಿಕಾಸ ಸಮಿತಿಯಲ್ಲಿ ಗಲಾಟೆಯೂ ಆಯಿತು. ಮೇಲ್ವಿಚಾರಕಿ ಮೇಡಂ ಬಂದು, ಅಸ್ಪೃಶ್ಯತೆ ಕಾನೂನಿಗೆ ವಿರುದ್ಧ, ಅಡುಗೆಯವರನ್ನು ಬದಲಾಯಿಸೋ ಮಾತೇ ಇಲ್ಲ ಅಂತ ಖಡಾಖಂಡಿತವಾಗಿ ಹೇಳಿದರು. ಆ ಬೆಂಬಲ ಇಲ್ಲದಿದ್ದರೆ ನನ್ನೊಬ್ಬಳಿಂದ ಆಗುತ್ತಿರಲಿಲ್ಲ. ಅಜ್ಜಿಯ ಮೊಮ್ಮಗ ಮನೆಯಲ್ಲಿ ಒಬ್ಬನೇ ಇರಲಾರದೆ ರಚ್ಚೆ ಹಿಡಿದು ಮತ್ತೆ ಬಂದ, ಎಲ್ಲರ ಜೊತೆ ಉಂಡ. ಎರಡು ಮನೆಯವರು ಮಾತ್ರ ಮಕ್ಕಳನ್ನು ಬಿಡಿಸಿ ಪಟ್ಟಣದ ಕಾನ್ವೆಂಟಿನ ವ್ಯಾನು ಹತ್ತಿಸಿದರು. ನಾನು ಹೋಗಿ ಕರೆದೆ, ಕಳಿಸಲಿಲ್ಲ. ಅವರಿಗೋಸ್ಕರ ಪದ್ಧತಿ ಬದಲಾಯಿಸೋದು ಸಾಧ್ಯವಿರಲಿಲ್ಲ.

ಒಬ್ಬ ಹುಡುಗ ಕರೆದರೆ ತಿರುಗುತ್ತಿರಲಿಲ್ಲ, ನನ್ನ ಬಾಯನ್ನೇ ನೋಡುತ್ತಿದ್ದ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಾಲ ಸ್ವಾಸ್ಥ್ಯ ತಂಡದ ಡಾಕ್ಟರು ಬರುತ್ತಾರೆ, ಅವರಿಗೆ ತೋರಿಸಿದೆ. ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಬರೆದುಕೊಟ್ಟರು. ಅಲ್ಲಿಂದ ಕಿವಿಗೆ ಮಿಷಿನ್ನು ಬಂತು. ಆದರೆ ಗದ್ದಲದಲ್ಲಿ ಮಿಷಿನ್ನು ಹಾಕಿದರೂ ಅವನಿಗೆ ಮಾತು ಬಿಡಿಸಿ ಕೇಳಿಸೋದಿಲ್ಲ. ಊಟಕ್ಕೆ ಕೂಗೋದನ್ನು ಬಿಟ್ಟು ಹಳದಿ ಬಟ್ಟೆ ಬೀಸೋದು ಅಂತ ಮಾಡಿದೆವು. ಬೀಸೋನು ಅವನೇ. ಬಟ್ಟೆ ಮೇಲೆದ್ದರೆ ಸಾಕು, ಎಲ್ಲರೂ ಆಟ ಬಿಟ್ಟು ಕೈ ತೊಳೆಯೋಕೆ ಓಡುತ್ತವೆ. ಈಗ ಬೇರೆ ಮಕ್ಕಳೂ ಅವನ ಭುಜ ಮುಟ್ಟಿ, ಮುಖಕ್ಕೆ ಮುಖ ಕೊಟ್ಟೇ ಮಾತಾಡೋದು. ನಾನು ಒಂದು ಸಲ ಮಾಡಿ ತೋರಿಸಿದ್ದೆ ಅಷ್ಟೇ.

ಇನ್ನೊಂದು ವಿಷಯ, ಇದನ್ನು ಜಾಸ್ತಿ ಜನ ಗಮನಿಸೋದಿಲ್ಲ. ಕಾಫಿ ಕೊಯ್ಲಿನ ಕಾಲಕ್ಕೆ ಹಾಡಿಯ ಎಷ್ಟೋ ಮನೆಯವರು ಕೊಡಗಿನ ತೋಟಗಳಿಗೆ ಹೋಗುತ್ತಾರೆ. ಬೆಳಗಿನ ಜಾವ ಜೀಪು ಬರುತ್ತದೆ, ಮಕ್ಕಳೂ ಹೋಗುತ್ತವೆ. ತಿಂಗಳುಗಟ್ಟಲೆ ಕಳೆದು ಬಂದಾಗ ಅವು ಮತ್ತೆ ಬಾಗಿಲ ಹತ್ತಿರದ ಗೋಡೆಗೇ ಹೋಗಿ ಕೂರುತ್ತಿದ್ದವು. ಈಗ ನಾವು ಹೋದ ಮಕ್ಕಳ ಹೆಸರನ್ನೂ ದಿನಾ ಕರೆಯುತ್ತೇವೆ. ನಾನು ಹೆಸರು ಹೇಳಿದರೆ ಉಳಿದವು "ಕೊಡ್ಗಿಗೆ ಹೋಗವ್ಳೆ, ಬತ್ತಾಳೆ" ಅಂತ ಒಟ್ಟಿಗೆ ಕೂಗುತ್ತವೆ. ಚೀಲ ನೇತುಹಾಕುವ ಮೊಳೆಯನ್ನು ಬೇರೆಯವರಿಗೆ ಕೊಡೋದಿಲ್ಲ. ತಾಯಿ ಕಾರ್ಡಿನ ಜೊತೆ ಒಂದು ಚೀಟಿಯನ್ನೂ ಬರೆದು ಕೊಡುತ್ತೇನೆ: ಮಗುವಿನ ಹೆಸರು, ವಯಸ್ಸು, ತೂಕ, ನನ್ನ ನಂಬರು. ಅಲ್ಲಿನ ಅಂಗನವಾಡಿಗೆ ತೋರಿಸಿ, ಊಟ ಕೊಡೋದು ಅವರ ಕರ್ತವ್ಯ, ಅಳುಕಬೇಡಿ ಅಂತ ಹೇಳಿ ಕಳಿಸುತ್ತೇನೆ.

ಹಾಡಿಯ ಹಿರಿಯರನ್ನೂ ಕರೆಸುತ್ತೇವೆ. ನಮ್ಮ ಗೋಡೆಯ ಚಾರ್ಟಿನಲ್ಲಿ ಸೇಬು, ಹಡಗು ಎಲ್ಲ ಇದೆ. ಒಬ್ಬ ತಾತ ಬಂದು ಹೆಜ್ಜೇನಿಗೂ ತುಡುವೆ ಜೇನಿಗೂ ಏನು ವ್ಯತ್ಯಾಸ, ಮರ ಹೇಗೆ ಹತ್ತೋದು ಅಂತ ಹೇಳಿದಾಗ ಊರ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದವು. ತಾತನ ಮೊಮ್ಮಗಳು ಎದ್ದು ಹೋಗಿ ಅವರ ತೊಡೆ ಮೇಲೆ ಕೂತಳು, ಎಲ್ಲರೂ ನೋಡಲಿ ಅಂತ.

ಈಗ ನನ್ನ ಚಿಂತೆ ಒಂದನೇ ಕ್ಲಾಸಿನದು. ಇಲ್ಲಿ ಬೆರೆತ ಮಕ್ಕಳನ್ನು ಅಲ್ಲಿ ಮತ್ತೆ ಬೇರೆ ಬೇರೆ ಕೂರಿಸಿಬಿಟ್ಟರೆ? ಅದಕ್ಕೇ ಜೂನ್ ಶುರುವಿನಲ್ಲಿ ಪ್ರಾಥಮಿಕ ಶಾಲೆಯ ಮೇಡಂ ಹತ್ತಿರ ನಾನೇ ಹೋಗಿ ಕೂರುತ್ತೇನೆ. ಯಾರು ಯಾವ ಹೆಸರಿಗೆ ಓಗೊಡುತ್ತಾರೆ, ಯಾರನ್ನು ಮುಂದೆ ಕೂರಿಸಬೇಕು, ಯಾರು ಯಾವ ತಿಂಗಳು ಕೊಡಗಿಗೆ ಹೋಗಬಹುದು, ಎಲ್ಲ ಹೇಳಿ ಬರುತ್ತೇನೆ. ಈ ಸಲ ಹಳದಿ ಬಟ್ಟೆಯದೂ ಹೇಳಿದೆ. ನಮ್ಮ ಕ್ಲಾಸಿಗೂ ಒಂದು ಹೊಲಿಸಿಕೊಡಿ ಅಂದರು.