ಲಾಕ್‌ಡೌನಿನಲ್ಲಿ ಅನಾನಸ್ ಮಾರಿದ್ದು

ಅಡಿಕೆಯನ್ನು ಒಣಗಿಸಿ ಅಟ್ಟಕ್ಕೇರಿಸಿದರೆ ಮಂಡಿ ತೆರೆಯುವವರೆಗೂ ಕಾಯುತ್ತದೆ. ಅನಾನಸ್ ಕಾಯುವುದಿಲ್ಲ. ಸೊರಬದ ಕಡೆ ನಾವು ಗಿಡಗಳಿಗೆ ಎಥ್ರೆಲ್ ಎಂಬ ರಾಸಾಯನಿಕ ಕೊಟ್ಟು ಒಟ್ಟಿಗೇ ಹೂ ಬರಿಸುತ್ತೇವೆ. ಹಣ್ಣೂ ಒಟ್ಟಿಗೇ ಬಲಿಯುತ್ತದೆ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ನನ್ನ ತೋಟ ಕೊಯ್ಲಿಗೆ ಬಂದಿತ್ತು. ದೆಹಲಿಯ ಲಾರಿ ಬರಲಿಲ್ಲ, ದಲ್ಲಾಳಿ ಫೋನ್ ಎತ್ತಲಿಲ್ಲ. ಕೃಷಿ ಕೆಲಸಕ್ಕೂ ಮಂಡಿಗಳಿಗೂ ಕೇಂದ್ರ ಸರ್ಕಾರ ಮಾರ್ಚ್ 27ರಂದೇ ವಿನಾಯಿತಿ ಕೊಟ್ಟಿತ್ತು ನಿಜ. ಆದರೆ ಆದೇಶದಿಂದ ಲಾರಿ ಚಾಲಕರು ಹುಟ್ಟುವುದಿಲ್ಲ.

ಪಾಸ್ ಮಾಡಿಸಿಕೊಂಡು ಗೂಡ್ಸ್ ವಾಹನದಲ್ಲಿ ಶಿವಮೊಗ್ಗದ ಬಡಾವಣೆಗಳಿಗೆ ಹೊರಟೆ. ದೂರದ ಊರಿಗಾದರೆ ಹಣ್ಣಿನ ಬುಡ ತುಸು ಹಳದಿಯಾಗುತ್ತಲೇ ಕೊಯ್ಯುತ್ತೇವೆ. ಅನಾನಸ್ ಕೊಯ್ದ ಮೇಲೆ ಸಿಹಿಯಾಗುವುದಿಲ್ಲ, ಬಣ್ಣ ಮಾತ್ರ ತಿರುಗುತ್ತದೆ. ಹತ್ತಿರದ ಪೇಟೆಗೆ ಅರ್ಧಕ್ಕಿಂತ ಹೆಚ್ಚು ಹಳದಿಯಾದದ್ದನ್ನೇ ಆರಿಸಿದೆ. ದೆಹಲಿಯವರು ಇಷ್ಟು ವರ್ಷ ತಿಂದದ್ದು ಇದಲ್ಲವಲ್ಲ ಎಂದು ಆಗ ಅನ್ನಿಸಿತು.

ಗಿರಾಕಿಗಳು ರುಚಿ ಕೇಳಲಿಲ್ಲ. "ಅಣ್ಣಾ, ಹಣ್ಣಿನ ಮೇಲೆ ವೈರಸ್ ಕೂತಿರುವುದಿಲ್ಲವೇ?" ಎಂದರು. ಆಹಾರದಿಂದ ಕೋವಿಡ್ ಹರಡಿದ್ದಕ್ಕೆ ಪುರಾವೆಯಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿತ್ತು. ಆದರೂ ಹಣ್ಣನ್ನು ಸೋಪಿನಲ್ಲಿ ಉಜ್ಜುವವರಿದ್ದರು. ಸೋಪು ಬೇಡ, ಶುದ್ಧ ನೀರು ಸಾಕು, ಸಿಪ್ಪೆ ಹೇಗೂ ಹೋಗುತ್ತದೆ ಎಂದು ಪ್ರತಿ ಗೇಟಿನಲ್ಲೂ ಹೇಳುತ್ತಿದ್ದೆ.

ನಾನೂ ಹಣ್ಣನ್ನು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದ 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ) ಕ್ಲೋರಿನ್ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದೆ. ಶೇ 30ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿಯಾದರೆ 100 ಲೀಟರಿಗೆ 17 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕದಡಿ ಮೇಲಿನ ತಿಳಿಯನ್ನಷ್ಟೇ ಸುರಿಯಬೇಕು. ಬಳಿಕ ಒಳ್ಳೆಯ ನೀರಿನಲ್ಲಿ ತೊಳೆದು, ಜುಟ್ಟು ಕೆಳಗೆ ಮಾಡಿ ನೆರಳಿನಲ್ಲಿ ಆರಿಸಬೇಕು. ಆರಿಸುವುದೇ ಮುಖ್ಯ. ಒದ್ದೆ ಹಣ್ಣನ್ನು ಪೇರಿಸಿದರೆ ತೊಟ್ಟಿನ ಕಡೆಯಿಂದ ಬೂಸ್ಟು ಹಿಡಿದು ಕೊಳೆಯುತ್ತದೆ. ಕೊಯ್ಯುವವರ ಕೈ, ಕತ್ತಿ, ಬುಟ್ಟಿ ತೊಳೆಸುವುದಕ್ಕೆ ಇದಕ್ಕಿಂತ ಹೆಚ್ಚು ಗಮನ ಕೊಟ್ಟೆ.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಒಂದು ತಪಾಸಣಾ ಕೇಂದ್ರದ ಪಿಚಕಾರಿ. ವಾಹನದ ಚಕ್ರಕ್ಕೆ ಹೊಡೆಯಬೇಕಾದ ಹೈಪೊಕ್ಲೋರೈಟ್ ಎಂಬ ಸೋಂಕುನಾಶಕವನ್ನು ಹಣ್ಣಿನ ಮೇಲೆಯೇ ಹೊಡೆದರು. ಅದರ ಪ್ರಮಾಣ ಯಾರಿಗೂ ಗೊತ್ತಿಲ್ಲ. ಆ ಸಾಲಿನ ಹಣ್ಣನ್ನು ಮಾರಲಿಲ್ಲ. ಮರುದಿನದಿಂದ ಬಿಸಿಲಿದ್ದರೂ ಟಾರ್ಪಾಲ್ ಬಿಗಿದೇ ಹೊರಡುತ್ತಿದ್ದೆ.

ಆ ಮಳೆಗಾಲ ಕಳೆದ ಮೇಲೆ ಎಥ್ರೆಲನ್ನು ತೋಟಕ್ಕೆಲ್ಲ ಒಟ್ಟಿಗೆ ಕೊಡದೆ, ಭಾಗ ಮಾಡಿ ಹದಿನೈದು ದಿನಗಳ ಅಂತರದಲ್ಲಿ ಕೊಟ್ಟೆ. 2021ರ ಏಪ್ರಿಲ್ ಕೊನೆಯಲ್ಲಿ ರಾಜ್ಯ ಮತ್ತೆ ಮುಚ್ಚಿ, ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ವ್ಯಾಪಾರ ಎಂದಾಗ ಕೊಯ್ಲಿಗೆ ಬಂದಿದ್ದು ಒಂದು ಭಾಗವಷ್ಟೇ.